ಗೊಬ್ಬರ ಕಾಣದ ಮಡಿ

ನಿವೃತ್ತಿಯ ದಿನ ಹೊದಿಸಿದ ಶಾಲು ಇನ್ನೂ ಪ್ಲಾಸ್ಟಿಕ್ ಚೀಲದಲ್ಲೇ ಇದೆ. ಹೊಸಪೇಟೆಯಲ್ಲಿ ಶಾಲು ಹೊದೆಯುವಂಥ ಚಳಿ ಯಾವತ್ತು ಬೀಳುತ್ತದೋ ಎಂದು ನಾನೂ ಕಾಯುತ್ತಿದ್ದೇನೆ. ಅಂದು ವೇದಿಕೆಯ ಮೇಲೆ ಮಾತಾಡಿದವರೆಲ್ಲ ನನ್ನ ಸೇವೆ ಅಪಾರವಾದದ್ದು ಎಂದರು. ಏನು ಸೇವೆ ಎಂದು ಯಾರೂ ಬಿಡಿಸಿ ಹೇಳಲಿಲ್ಲ. ಅವರ ತಪ್ಪೂ ಅಲ್ಲ ಬಿಡಿ. ಇಷ್ಟು ವರ್ಷ ಸಂಸಾರ ಮಾಡಿದ ನನ್ನ ಹೆಂಡತಿಗೇ ನಾನು ಆಫೀಸಿನಲ್ಲಿ ಏನು ಮಾಡುತ್ತಿದ್ದೆ ಎಂಬುದು ಸರಿಯಾಗಿ ಗೊತ್ತಿಲ್ಲ. ಕೇಳಿದವರಿಗೆ "ಲೆಕ್ಕ ಮಾಡ್ತಾರ" ಅನ್ನುತ್ತಾಳೆ. ಅವರು ನನ್ನನ್ನು ಬ್ಯಾಂಕಿನವನೆಂದು ತಿಳಿಯುತ್ತಾರೆ.

ನಾನು ಸಂಖ್ಯಾಶಾಸ್ತ್ರದವನು. ಊರ ಹೊರಗಿನ ಒಂದು ಸಂಶೋಧನಾ ಕೇಂದ್ರದಲ್ಲಿ ಕೂತಿದ್ದೆ. ಭತ್ತದವರು, ಧೂಳಿನವರು, ಶ್ವಾಸಕೋಶದವರು, ನದಿ ನೀರಿನವರು, ಹಂಪಿಯ ಕೋತಿಗಳವರು, ಎಲ್ಲರೂ ತಮ್ಮ ತಮ್ಮ ಅಳತೆಗಳನ್ನು ಹೊತ್ತುಕೊಂಡು ನನ್ನ ಹತ್ತಿರ ಬರುತ್ತಿದ್ದರು. ಅವರು ಕಂಡ ವ್ಯತ್ಯಾಸ ನಿಜವಾದದ್ದೋ, ಸುಮ್ಮನೆ ಹಾಗೆ ಬಂದದ್ದೋ ಎಂದು ಹೇಳುವುದು ನನ್ನ ಕೆಲಸ. ಹೆಚ್ಚಿನ ಸಲ ಸುಮ್ಮನೆ ಹಾಗೆ ಬಂದದ್ದೇ ಆಗಿರುತ್ತಿತ್ತು. ಹಾಗೆಂದ ದಿನ ಅವರು ನನ್ನ ಜೊತೆ ಚಹಾ ಕುಡಿಯುತ್ತಿರಲಿಲ್ಲ.

ಈಗ ನನ್ನ ಕುರ್ಚಿಗೆ ಹೊಸದಾಗಿ ಒಬ್ಬ ತರುಣಿ ಬಂದಿದ್ದಾಳೆ. ಮೊನ್ನೆ ಮನೆಗೆ ಬಂದವಳು, "ಸರ್, ಯಾವ ಸಾಫ್ಟ್‌ವೇರ್ ಕಲಿತ್ರ ಚೊಲೋ?" ಎಂದು ಕೇಳಿದಳು. "ಮೊದ್ಲು ಒಂದು ಗಟ್ಟಿ ಚಪ್ಪಲಿ ತಗೋಳಮ್ಮ" ಎಂದೆ. ನಕ್ಕಳು. ನಾನು ನಗಿಸಲೆಂದು ಹೇಳಿರಲಿಲ್ಲ. ಅವಳಿಗೆ, ಅವಳಂಥ ಇನ್ನಷ್ಟು ಮಕ್ಕಳಿಗೆ ಆ ಮಾತನ್ನು ಬಿಡಿಸಿ ಹೇಳೋಣವೆಂದು ಬರೆಯುತ್ತಿದ್ದೇನೆ. ಬಡ್ತಿ ಸಿಕ್ಕ ಕಥೆ, ಸಿಗದ ಕಥೆ ಎರಡೂ ಇಲ್ಲಿಲ್ಲ. ಸಿಕ್ಕ ಕಥೆ ಬಹಳ ಚಿಕ್ಕದು. ಸಿಗದ ಕಥೆಯನ್ನು ನನ್ನ ಹೆಂಡತಿ ನನಗಿಂತ ಚೆನ್ನಾಗಿ ಹೇಳುತ್ತಾಳೆ.

ನಾನು ಸೇರಿದಾಗ ಕಂಪ್ಯೂಟರ್ ಇರಲಿಲ್ಲ. ಮೇಜಿನ ಮೇಲೊಂದು ದೊಡ್ಡ ಕ್ಯಾಲ್ಕುಲೇಟರ್ ಇತ್ತು. ಅದರ ಏಳರ ಗುಂಡಿ ಒತ್ತಿದರೆ ಕೆಲವು ಸಲ ಏಳುತ್ತಿರಲಿಲ್ಲ. ಒಂದು ಲೆಕ್ಕ ಮುಗಿಯಲು ಇಡೀ ದಿನ ಹಿಡಿಯುತ್ತಿತ್ತು. ಹಾಗಾಗಿ ಪ್ರತಿ ಅಂಕಿಯ ಮುಖ ನೋಡುವಷ್ಟು ಪುರಸೊತ್ತು ಇತ್ತು. ಯಾವುದಾದರೂ ಅಂಕಿ ಸೊಟ್ಟಗೆ ಕೂತಿದ್ದರೆ ಕಣ್ಣಿಗೆ ಚುಚ್ಚುತ್ತಿತ್ತು. ಆಮೇಲೆ ಕಂಪ್ಯೂಟರ್ ಬಂತು. ಉತ್ತರ ಜಲ್ದಿ ಬರತೊಡಗಿತು. ತಪ್ಪು ಉತ್ತರವೂ ಅಷ್ಟೇ ಜಲ್ದಿ ಬರತೊಡಗಿತು, ಬಣ್ಣದ ಚಿತ್ರದ ಸಮೇತ.

ಆಗಿನ ನಮ್ಮ ನಿರ್ದೇಶಕರು ಒಳ್ಳೆಯವರು. ಸಂಖ್ಯಾಶಾಸ್ತ್ರದವನೆಂದರೆ ಟೇಲರ್ ಎಂದು ಅವರ ನಂಬಿಕೆ. ಬಟ್ಟೆ ಅವರೇ ತರುತ್ತಾರೆ, ಅಳತೆಯೂ ಅವರೇ ಹೇಳುತ್ತಾರೆ, ನಾನು ಹೊಲಿದು ಕೊಡಬೇಕು. "ಸ್ವಲ್ಪ ಅಡ್ಜಸ್ಟ್ ಮಾಡ್ರಿ" ಎಂಬುದು ಅವರು ದಿನಕ್ಕೊಮ್ಮೆಯಾದರೂ ಆಡುವ ಮಾತು. ಅಡ್ಜಸ್ಟ್ ಮಾಡುವ ವಿಧಾನ ನನ್ನ ಪಠ್ಯದಲ್ಲಿ ಇರಲಿಲ್ಲ ಎಂದೆ. "ಯಾವ ಕಾಲೇಜ್ರಿ ನಿಮ್ದು?" ಎಂದು ಕೇಳಿದರು. ನಿಜವಾಗಿ ತಿಳಿದುಕೊಳ್ಳುವ ಆಸೆಯಿಂದಲೇ ಕೇಳಿದರು.

ಚಪ್ಪಲಿಯ ಪಾಠ ನನಗೆ ಮೊದಲು ಸಿಕ್ಕಿದ್ದು ಬಂಡ್ರಿಯಲ್ಲಿ. ಅದಿರಿನ ಲಾರಿಗಳು ಓಡಾಡುವ ರಸ್ತೆಯ ಪಕ್ಕದ ಮನೆಗಳ ಮಾಳಿಗೆಯ ಮೇಲೆ ನಮ್ಮ ಪರಿಸರ ವಿಭಾಗದವರು ಬಾಯಿ ತೆರೆದ ಗಾಜಿನ ಭರಣಿಗಳನ್ನು ಇಟ್ಟಿದ್ದರು. ತಿಂಗಳಿಗೆ ಎಷ್ಟು ಧೂಳು ಬೀಳುತ್ತದೆ ಎಂದು ತೂಗುವುದು ಉದ್ದೇಶ. ಎಲ್ಲ ಮನೆಯ ಭರಣಿಯಲ್ಲೂ ಕೆಂಪು ಧೂಳು. ರಸ್ತೆಗೆ ಎಲ್ಲರಿಗಿಂತ ಹತ್ತಿರವಿದ್ದ ಒಂದು ಮನೆಯ ಭರಣಿಯಲ್ಲಿ ಮಾತ್ರ ಧೂಳೇ ಇಲ್ಲ. ಸಂಶೋಧಕರು ಆ ಮನೆಯ ಮುಂದಿನ ಬೇವಿನ ಮರಕ್ಕೆ ಧೂಳು ತಡೆಯುವ ವಿಶೇಷ ಶಕ್ತಿ ಇದೆಯೆಂದು ಒಂದು ಲೇಖನ ಬರೆಯಲು ಕೂತರು. ಬೇವಿನ ಚಿತ್ರವೂ ತಯಾರಾಯಿತು. ನನಗೆ ಯಾಕೋ ಮರದ ಮೇಲೆ ಅಷ್ಟು ವಿಶ್ವಾಸ ಹುಟ್ಟಲಿಲ್ಲ. ಭಾನುವಾರ ಬಸ್ಸು ಹತ್ತಿ ಹೋದೆ.

ಮನೆಯ ಯಜಮಾನ್ತಿ ಈರಮ್ಮ ನನ್ನನ್ನು ಮಾಳಿಗೆಗೆ ಕರೆದುಕೊಂಡು ಹೋಗಿ ಭರಣಿ ತೋರಿಸಿದಳು. ಫಳಫಳ ಹೊಳೆಯುತ್ತಿತ್ತು. "ದಿನಾ ತೊಳದು ಬೋರಲು ಹಾಕ್ತೀನ್ರಿ. ನೀವು ಒಯ್ಯಾಕ ಬರೋ ಹೊತ್ತಿಗೆ ಮತ್ತ ನೆಟ್ಟಗ ಇಡ್ತೀನಿ" ಎಂದಳು.

"ಯಾಕಮ್ಮ ತೊಳೀತೀರಿ?"

"ಮಂದಿ ಸಾಮಾನ್ರಿ ಅದು. ಧೂಳು ಹಿಡಿಸಿ ವಾಪಸ್ ಕೊಟ್ರ ನಮ್ಮ ಮನಿ ಬಗ್ಗೆ ಏನಂತೀರಿ?"

ಬೇವಿನ ಲೇಖನ ಅಲ್ಲಿಗೆ ಮುಗಿಯಿತು. ಆ ಸಂಶೋಧಕರು ಬಹಳ ದಿನ ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು, ನಾನೇ ಹೋಗಿ ಭರಣಿ ತೊಳೆದವನ ಹಾಗೆ.

ಹಂಪಿ ಬಜಾರಿನ ಕೋತಿಗಳನ್ನು ಎಣಿಸಿದವರ ಕಥೆ ಇನ್ನೂ ಚಿಕ್ಕದು. ಬೆಳಿಗ್ಗೆ ಗುಡಿಯ ಮುಂದೆ ಎಣಿಸಿದರು, ಮಧ್ಯಾಹ್ನ ಕಲ್ಲಿನ ಮಂಟಪಗಳ ಸಾಲಿನಲ್ಲಿ ಎಣಿಸಿದರು, ಸಂಜೆ ನದಿಯ ದಂಡೆಯಲ್ಲಿ ಎಣಿಸಿದರು, ಮೂರನ್ನೂ ಕೂಡಿಸಿದರು. ಬಾಳೆಹಣ್ಣು ಮಾರುವವನ ಬಂಡಿ ಬೆಳಿಗ್ಗೆ ಗುಡಿಯ ಮುಂದೆ, ಮಧ್ಯಾಹ್ನ ಮಂಟಪದ ನೆರಳಿಗೆ, ಸಂಜೆ ನದಿಯ ಕಡೆಗೆ ಹೋಗುತ್ತಿತ್ತು. ಉಳಿದದ್ದನ್ನು ನೀವೇ ಊಹಿಸಿ.

ಆದರೆ ಎಲ್ಲಾ ಕಥೆಯೂ ನಗುವಂಥದ್ದಲ್ಲ. ಸಂಡೂರಿನ ಕಡೆ ಒಂದು ಗಣಿಯ ಕಾರ್ಮಿಕರ ಉಸಿರಾಟ ಪರೀಕ್ಷೆ ಮಾಡಲು ಒಬ್ಬ ಡಾಕ್ಟರಮ್ಮ ಬಂದಿದ್ದರು. ಒಂದು ಯಂತ್ರದ ಕೊಳವೆಗೆ ಜೋರಾಗಿ ಊದಬೇಕು. ಎಷ್ಟು ಗಾಳಿ, ಎಷ್ಟು ವೇಗ ಎಂದು ಅದು ಗೆರೆ ಎಳೆಯುತ್ತದೆ. ಅವರು ತಂದ ಅಂಕಿಗಳನ್ನು ನೋಡಿದರೆ ಆ ಗಣಿಯವರ ಶ್ವಾಸಕೋಶ ಕುಸ್ತಿ ಪೈಲ್ವಾನರದ್ದಕ್ಕಿಂತ ಗಟ್ಟಿ. ಅದೂ ಹೋಗಲಿ, ಹತ್ತಾರು ಮಂದಿಯ ಗೆರೆಗಳು ಒಂದೇ ಅಚ್ಚಿನಲ್ಲಿ ಹೊಯ್ದಂತಿದ್ದವು. ಡಾಕ್ಟರಮ್ಮನ ಜೊತೆ ನಾನೂ ಹೋದೆ. ಆಮೇಲೆ ತಿಳಿಯಿತು. ಊದಿ ಸೋತವರನ್ನು ಕೆಲಸದಿಂದ ತೆಗೆಯುತ್ತಾರೆ ಎಂದು ಯಾರೋ ಸುದ್ದಿ ಹಬ್ಬಿಸಿದ್ದರು. ಅವರಲ್ಲೊಬ್ಬ ಮದುವೆ ಮನೆಗಳಲ್ಲಿ ಸನಾದಿ ಊದುವವನು. ಉಸಿರು ಗಟ್ಟಿ ಇಲ್ಲದವರ ಹೆಸರು ಕರೆದಾಗಲೆಲ್ಲ ಹೆಲ್ಮೆಟ್ ಬದಲಿಸಿಕೊಂಡು, ಮೂಗು ಬಾಯಿಗೆ ಟವೆಲ್ ಕಟ್ಟಿಕೊಂಡು ಅವನೇ ಬಂದು ಊದಿದ್ದ.

ಡಾಕ್ಟರಮ್ಮ ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ. ನೆಲದ ಮೇಲೆ ಅವರ ನಡುವೆ ಕೂತು, ಹೆಸರುಗಳು ಗಣಿಯ ಆಫೀಸಿಗೆ ಹೋಗುವುದಿಲ್ಲ ಎಂದು ಬಿಡಿಸಿ ಹೇಳಿದರು. ಸನಾದಿಯವನನ್ನು ಪಕ್ಕಕ್ಕೆ ಕೂರಿಸಿ ಉಳಿದವರಿಂದ ಮತ್ತೊಮ್ಮೆ ಊದಿಸಿದರು. ಈ ಸಲ ಗೆರೆಗಳು ಬೇರೆ ಬೇರೆಯಾಗಿ ಬಂದವು. ಕೆಲವು ಏಳುವುದಕ್ಕೆ ಮೊದಲೇ ಬಿದ್ದುಬಿಟ್ಟವು. ನನ್ನ ವಯಸ್ಸಿನವನೊಬ್ಬ ಊದಿ ಮುಗಿಸಿ ಗೋಡೆ ಹಿಡಿದು ನಿಂತ.

ಅಂಕಿ ಸುಳ್ಳು ಹೇಳಿದಾಗಲೆಲ್ಲ ಹಿಂದೆ ಒಬ್ಬ ಕೆಟ್ಟ ಮನುಷ್ಯ ಇರುತ್ತಾನೆ ಎಂದು ನಿಮಗೆ ಅನ್ನಿಸಬಹುದು. ನನ್ನ ಅನುಭವದಲ್ಲಿ ಹೆಚ್ಚಾಗಿ ಒಬ್ಬ ಒಳ್ಳೆಯ ಮನುಷ್ಯ ಇರುತ್ತಾನೆ. ಹಿಡಿಯುವುದು ಅದಕ್ಕೇ ಕಷ್ಟ.

ಇನ್ನು ಸುಜಾತಾಳ ಕಥೆ. ಉಳಿದದ್ದೆಲ್ಲ ಮರೆತರೂ ಇದನ್ನು ಮರೆಯಬೇಡಿ.

ಸುಜಾತಾ ಹೊಸಪೇಟೆಯ ಹುಡುಗಿ. ಅವರದು ಬೌದ್ಧ ಧರ್ಮಕ್ಕೆ ಸೇರಿದ ದಲಿತ ಮನೆತನ. ತಂದೆ ಇರಲಿಲ್ಲ, ತಾಯಿ ಸುತ್ತಲಿನ ಊರುಗಳ ಗದ್ದೆಗಳಿಗೆ ಹೋಗಿ ಕೂಲಿ ಮಾಡಿ ಓದಿಸಿದ್ದಳು. ಅವರ ಓಣಿಯಲ್ಲಿ ಎಂ.ಎಸ್ಸಿ. ತನಕ ಓದಿದವಳು ಇವಳೊಬ್ಬಳೇ, ಪಿಎಚ್.ಡಿ.ಗೆ ಸೇರಿದವಳಂತೂ ಇವಳೇ ಮೊದಲು. ಅವಳ ಪ್ರಶ್ನೆ ಸರಳ. ಕಂಪ್ಲಿಯ ಕಾಲುವೆ ನೀರಿನ ಗದ್ದೆಗಳಲ್ಲಿ ರೈತರು ಭತ್ತಕ್ಕೆ ಯೂರಿಯಾ ಸುರಿಯುತ್ತಾರೆ. ಅಷ್ಟು ಬೇಕೇ? ಎಷ್ಟು ಕಡಿಮೆ ಮಾಡಿದರೆ ಬೆಳೆ ತಡೆದುಕೊಳ್ಳುತ್ತದೆ? ಇದನ್ನು ತಿಳಿಯಲು ಒಂದೇ ಹೊಲವನ್ನು ಸಣ್ಣ ಸಣ್ಣ ಮಡಿಗಳಾಗಿ ಮಾಡಿ, ಕೆಲವಕ್ಕೆ ಪೂರ್ತಿ ಯೂರಿಯಾ, ಕೆಲವಕ್ಕೆ ಮುಕ್ಕಾಲು, ಕೆಲವಕ್ಕೆ ಅರ್ಧ ಹಾಕಬೇಕು. ಕೆಲವಕ್ಕೆ ಏನೂ ಹಾಕಬಾರದು. ಏನೂ ಹಾಕದ ಮಡಿಯೇ ಇಡೀ ಲೆಕ್ಕದ ಬುನಾದಿ. ಉಳಿದದ್ದನ್ನೆಲ್ಲ ಅದರ ಪಕ್ಕದಲ್ಲಿಟ್ಟೇ ಅಳೆಯುವುದು.

ಹೊಲವನ್ನು ಗೊತ್ತು ಮಾಡಿದ್ದು ಅವಳ ಗೈಡ್, ಅಂದರೆ ಅವಳ ಸಂಶೋಧನೆಯ ಮೇಲ್ವಿಚಾರಣೆ ಮಾಡುವ ಪ್ರೊಫೆಸರ್. ಕಂಪ್ಲಿ ರಸ್ತೆಗೆ ಅಂಟಿಕೊಂಡ ಹೊಲ. ಕಾರಿನಿಂದ ಇಳಿದ ಅತಿಥಿಗಳ ಬೂಟಿಗೆ ಕೆಸರಾಗದೆ ನೋಡಬಹುದು. ಹೊಲದ ಯಜಮಾನರು ವೀರಭದ್ರಪ್ಪ, ಊರಲ್ಲಿ ತಲೆತಲಾಂತರದಿಂದ ಇದ್ದ ಲಿಂಗಾಯತ ಮನೆತನದವರು, ಒಂದು ಅಕ್ಕಿ ಗಿರಣಿಯೂ ಇತ್ತು. ಮಾತಿಗೆ ತಪ್ಪುವವರಲ್ಲ. ಅವರ ಹೆಂಡತಿ ಶರಣಮ್ಮ. ಮನೆ ಹೊಲದ ಪಕ್ಕದಲ್ಲೇ.

ಸುಗ್ಗಿ ಮುಗಿದ ಮೇಲೆ ಸುಜಾತಾ ಅಂಕಿಗಳನ್ನು ತಂದಳು. ಏನೂ ಹಾಕದ ಮಡಿಗಳ ಇಳುವರಿ ಪೂರ್ತಿ ಯೂರಿಯಾ ಉಂಡ ಮಡಿಗಳಿಗಿಂತ ಬಹಳ ಹಿಂದೇನೂ ಬಿದ್ದಿರಲಿಲ್ಲ. ಪ್ರೊಫೆಸರ್ ಸಾಹೇಬರು ಹಿಗ್ಗಿ ಹೀರೇಕಾಯಿಯಾಗಿದ್ದರು. ತುಂಗಭದ್ರೆಯ ಮಣ್ಣಿಗೆ ಯೂರಿಯಾವೇ ಬೇಡ ಎಂದು ಪತ್ರಿಕೆಯವರ ಹತ್ತಿರ ಆಗಲೇ ಮಾತಾಡಿಟ್ಟಿದ್ದರು.

"ನಿನಗೇನು ಅನ್ನಿಸ್ತದಮ್ಮ?" ಎಂದು ಸುಜಾತಾಳನ್ನು ಕೇಳಿದೆ.

"ನಂಬಿಕಿ ಬರವಲ್ದು ಸರ್" ಎಂದಳು. "ಆದ್ರ ತೂಕ ಮಾಡಿದಾಕಿ ನಾನ. ತಪ್ಪಿಲ್ಲ."

ಭತ್ತದ ಎಲೆ ಎಷ್ಟು ಹಸಿರಾಗಿದೆ ಎಂದು ನೋಡಲು ಬಣ್ಣದ ಪಟ್ಟಿಯೊಂದು ಇರುತ್ತದೆ. ವಾರಕ್ಕೊಮ್ಮೆ ಎಲೆಯನ್ನು ಅದರ ಮೇಲಿಟ್ಟು ಹೋಲಿಸುತ್ತಾರೆ. ಸುಜಾತಾ ಒಂದು ವಾರವೂ ತಪ್ಪಿಸಿರಲಿಲ್ಲ. ಆ ಅಂಕಿಗಳನ್ನು ಸಾಲಾಗಿ ಬರೆದು ನೋಡಿದೆ. ಏನೂ ಹಾಕದ ಮಡಿಗಳು ದಸರೆಯ ತನಕ ವಾರವಾರಕ್ಕೂ ಹಳದಿಯಾಗುತ್ತ ಹೋಗಿದ್ದವು. ಆಮೇಲೆ ಇದ್ದಕ್ಕಿದ್ದಂತೆ ಹಸಿರಾಗಿದ್ದವು, ಮದುವೆ ಮನೆಗೆ ಹೋಗಿ ಬಂದವರ ಮುಖದ ಹಾಗೆ. ಮಣ್ಣಿನ ಶಕ್ತಿ ದಸರೆ ಮುಗಿಯಲೆಂದು ಕಾಯುವುದಿಲ್ಲ.

ಸುಜಾತಾಳ ಮುಖ ಸಣ್ಣದಾಯಿತು. ಅವಳ ಫೆಲೋಶಿಪ್ ಆ ಬೆಳೆಗೆ ಮುಗಿದಿತ್ತು. ಥೀಸಿಸ್ ಕೊಡಲು ವಿಶ್ವವಿದ್ಯಾಲಯ ಹಾಕಿದ್ದ ಗಡುವೂ ಹತ್ತಿರವಿತ್ತು. ಈ ಅಂಕಿಗಳನ್ನು ಇಟ್ಟುಕೊಂಡರೆ ಡಿಗ್ರಿ ಕೈಗೆ ಬಂದಂತೆಯೇ. ಕೆದಕಿದರೆ ಇಷ್ಟು ವರ್ಷದ ಕೆಲಸ ನೀರಲ್ಲಿ ಹೋಮ. ಅವಳೇ, "ನಾಳಿ ಕಂಪ್ಲಿ ಬಸ್ಸಿಗೆ ಹೋಗೂಣೇನ್ರಿ ಸರ್?" ಎಂದಳು.

ನಾವು ಹೋದಾಗ ವೀರಭದ್ರಪ್ಪನವರು ಕಟ್ಟೆಯ ಮೇಲೆ ಕೂತಿದ್ದರು. ಶರಣಮ್ಮ ಪಕ್ಕದಲ್ಲೇ ಮೊರದಲ್ಲಿ ಅಕ್ಕಿ ಕೇರುತ್ತಿದ್ದರು. "ಬರ್ರಿ, ಕುಂದ್ರಿ" ಎಂದು ಯಜಮಾನರು ಕರೆದರು. ಆ ಮಡಿಗಳಿಗೆ ಯಾರಾದರೂ ಏನಾದರೂ ಹಾಕಿದ್ದಾರೆಯೇ ಎಂದು ನಾನು ಕೇಳಿದೆ.

ವೀರಭದ್ರಪ್ಪನವರು ಎದೆ ಮುಟ್ಟಿಕೊಂಡರು. "ನಾ ಯಾಕ ಹಾಕ್ಲಿ ಸಾಹೇಬ್ರ? ಹಾಕಂಗಿಲ್ಲ ಅಂತ ಮಾತು ಕೊಟ್ಟ ಮ್ಯಾಲೆ ಮುಗೀತು."

"ಅವ್ರು ಹಾಕಿಲ್ಲ. ನಾನ ಹಾಕೀನಿ" ಎಂದರು ಶರಣಮ್ಮ, ಮೊರದಿಂದ ತಲೆ ಎತ್ತದೆ.

ವೀರಭದ್ರಪ್ಪನವರು ಹೆಂಡತಿಯ ಕಡೆ ತಿರುಗಿದರು. "ಯಾವಾಗ ಹಾಕಿದಿ?"

"ಸೀಗಿ ಹುಣ್ಣಿವಿ ದಿನ. ಆಮ್ಯಾಲೂ ಒಂದ್ಸಲ."

ಸೀಗಿ ಹುಣ್ಣಿಮೆಯ ಹೊತ್ತಿಗೆ ಬೆಳೆ ಬಸುರಿ ಎಂದು ನಮ್ಮ ಕಡೆ ಲೆಕ್ಕ. ಅಂದು ಮನೆಮಂದಿಯೆಲ್ಲ ಬುತ್ತಿ ಹೊತ್ತುಕೊಂಡು ಹೊಲಕ್ಕೆ ಹೋಗುತ್ತಾರೆ. ಹೋಳಿಗೆ, ಕಡುಬು, ರೊಟ್ಟಿ, ಪುಂಡಿಪಲ್ಯ, ಮೊಸರನ್ನ, ಎಲ್ಲದರಲ್ಲೂ ಒಂದಿಷ್ಟು ತೆಗೆದು ಕಲಸಿ ಹೊಲದ ತುಂಬ ಚೆಲ್ಲುತ್ತಾರೆ. ಬಸುರಿಗೆ ಬಯಕೆಯ ಊಟ ಅದು, ಚರಗ ಎನ್ನುತ್ತಾರೆ. ಆಮೇಲೆ ಎಲ್ಲರೂ ಅಲ್ಲೇ ಸಾಲಾಗಿ ಕೂತು ಉಣ್ಣುತ್ತಾರೆ. ಇಷ್ಟು ವರ್ಷ ನಾನೂ ಉಂಡಿದ್ದೇನೆ. ಪ್ರಯೋಗದ ಯೋಜನೆ ಬರೆಯುವಾಗ ಅದು ನನ್ನ ತಲೆಗೂ ಹೊಳೆದಿರಲಿಲ್ಲ, ಪ್ರೊಫೆಸರ್ ಸಾಹೇಬರ ತಲೆಗಂತೂ ಹೊಳೆಯುವ ಮಾತೇ ಇಲ್ಲ.

"ಚರಗದ ಅನ್ನ ಹಾಕಿದ್ರ ಏನೂ ಆಗ್ತಿದ್ದಿಲ್ಲ. ಯೂರಿಯಾ ಯಾಕ್ ಹಾಕಿದ್ರಿ ಅಮ್ಮಾರ?" ಎಂದು ಸುಜಾತಾ ಕೇಳಿದಳು.

ಶರಣಮ್ಮ ಈಗ ತಲೆ ಎತ್ತಿದರು. "ಮತ್ತೇನ್ ಮಾಡ್ಲೆವ್ವ? ಬಾಜೂಕಿನ ಮಡಿ ಎಲ್ಲಾ ಉಂಡು ತಿಂದು ಹಸರಾಗಿ ನಿಂತಾವ. ಇವು ಹಳದಿ ಮಾರಿ ಮಾಡ್ಕೊಂಡು ನನ್ನ ನೋಡ್ತಾವ. ಅವಕ್ಕ ಬಡಿಸಿದ್ದು ನಮಗ್ಯಾಕ ಬಡಿಸಲಿಲ್ಲ ಅಂತ ಕೇಳಿದಂಗಾತು ನನಗ. ಅದಕ್ಕ ಚರಗದ ಬುಟ್ಯಾಗ ಯೂರಿಯಾನೂ ತುಂಬ್ಕೊಂಡು ಹೋದೆ. ಒಂದ ಸಾಲಿನಾಗ ಕುಂದ್ರಿಸಿ ಒಬ್ಬರಿಗೆ ಬಡಿಸಿ ಒಬ್ಬರಿಗೆ ಬಿಡೋದು ನನ್ನಿಂದ ಆಗಂಗಿಲ್ಲ. ಮಣ್ಣಾದ್ರೇನು, ಮನಷ್ಯಾರಾದ್ರೇನು, ನಮ್ಮ ಮನ್ಯಾಗ ಪಂಕ್ತಿಭೇದ ಇಲ್ಲ."

"ಇತ್ರಿ" ಎಂದಳು ಸುಜಾತಾ.

ಮೊರ ನಿಂತಿತು.

"ನಮ್ಮವ್ವ ನಿಮ್ಮ ಹೊಲದಾಗ ನಾಟಿ ಮಾಡಾಕ ಬರ್ತಿದ್ಲು. ಹುಣ್ಣಿವಿ ದಿನ ಕರದು ಅಕಿಗೂ ಊಟ ಕೊಡ್ತಿದ್ರಿ, ಇಲ್ಲ ಅನ್ನಂಗಿಲ್ಲ. ಆದ್ರ ನಿಮ್ಮ ಸಾಲಿನಾಗ ಅಲ್ರಿ. ಅಲ್ಲಿ, ಕಾಲಿವಿ ದಂಡಿಗೆ ಜಾಲಿ ಗಿಡದ ಬುಡಕ. ನಾ ಸಣ್ಣಾಕಿದ್ದಾಗ ಅಕಿ ಸಂಗಾಟ ಬಂದೀನಿ. ನಾನೂ ಅಲ್ಲೇ ಉಂಡೀನಿ."

ಅವಳು ಜಗಳದ ದನಿಯಲ್ಲಿ ಹೇಳಲಿಲ್ಲ. ಎಲೆಯ ಬಣ್ಣದ ಅಂಕಿ ಓದುವ ದನಿಯಲ್ಲೇ ಹೇಳಿದಳು. ಆ ಹೊಲಕ್ಕೆ ಅಷ್ಟು ದಿನ ಹೋಗಿ ಬಂದರೂ ಇದನ್ನು ಯಾರಿಗೂ ಹೇಳಿರಲಿಲ್ಲ, ನನಗೂ ಹೇಳಿರಲಿಲ್ಲ. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ವೀರಭದ್ರಪ್ಪನವರು ಈ ಸಲ ಕಾಲುವೆಗೆ ನೀರು ತಡವಾಗಿ ಬಂತು ಎಂದರು. ಯಾರೂ ಕೇಳಿರಲಿಲ್ಲ.

ಶರಣಮ್ಮ ಮೊರ ಪಕ್ಕಕ್ಕಿಟ್ಟು, "ನಿಮ್ಮವ್ವನ ಹೆಸರೇನು?" ಎಂದರು.

"ಹುಲಿಗೆವ್ವ."

"ನಾಟಿ ಮಾಡುವಾಗ ಹಾಡು ಎತ್ತತಿದ್ಲಲ್ಲ, ಎತ್ತರದಾಕಿ? ಅಕಿ ಏನು?"

"ಹೌದ್ರಿ. ಅಕೀನ."

ಶರಣಮ್ಮ ಎದ್ದು ಒಳಗೆ ಹೋದರು. ಮಜ್ಜಿಗೆ ತಂದು ಇಬ್ಬರಿಗೂ ಕೊಟ್ಟರು. ಸುಜಾತಾ ಕುಡಿದು ಮುಗಿಸುವ ತನಕ ಅವಳ ಮುಂದೆಯೇ ನಿಂತಿದ್ದು, ಆಮೇಲೆ ಕೇಳಿದರು. "ಇದನ್ನ ಬರೋ ವರ್ಷ ಮತ್ತ ಮಾಡ್ತೀಯೇನವ್ವ?"

"ಮಾಡಬೇಕ್ರಿ. ಬಿಡ್ತಾರೋ ಇಲ್ಲೋ ಗೊತ್ತಿಲ್ಲ."

"ಮಾಡು. ಆ ಮಡಿಗೆ ನಾ ಒಂದ ಕಾಳು ಯೂರಿಯಾ ಹಾಕಂಗಿಲ್ಲ. ಯಾರಿಗೂ ಹಾಕಾಕ ಬಿಡಂಗಿಲ್ಲ. ಆದ್ರ ಹುಣ್ಣಿವಿ ದಿನ ನಿಮ್ಮವ್ವನ್ನ ಕರಕೊಂಡು ಬರಬೇಕು."

"ಕೇಳ್ತೀನ್ರಿ" ಎಂದಳು ಸುಜಾತಾ. ಬರುತ್ತಾಳೆ ಎನ್ನಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದವಳು ನಡುದಾರಿಯಲ್ಲಿ, "ನಾ ಹಂಗ ಅನ್ನಬಾರದಿತ್ತೇನ್ರಿ ಸರ್?" ಎಂದಳು.

"ಕಂಡದ್ದನ್ನ ಹೇಳಿದಿ. ನಮ್ಮ ಕೆಲಸಾನೇ ಅದಲ್ಲೇನಮ್ಮ" ಎಂದೆ. ನನಗೆ ಗೊತ್ತಿದ್ದ ಸಮಾಧಾನದ ಮಾತು ಅದೊಂದೇ.

ಪ್ರೊಫೆಸರ್ ಸಾಹೇಬರಿಗೆ ವಿಷಯ ಹೇಳಿದಾಗ ಅವರು ಮೊದಲು ನನ್ನ ಮೇಲೆ ಹರಿಹಾಯ್ದರು. "ನಿಮ್ಮ ಕೆಲಸ ಲೆಕ್ಕ ಮಾಡೋದ್ರಿ, ಊರೂರು ತಿರುಗೋದಲ್ಲ" ಎಂದರು. ಆಮೇಲೆ ಸುಜಾತಾಳಿಗೆ ಮೆತ್ತಗೆ ಹೇಳಿದರು. "ನೋಡಮ್ಮ, ಒಬ್ಬಾಕಿ ಮುದುಕಿ ಏನೋ ಅಂತಾಳ. ಬುಟ್ಟಿ ಯೂರಿಯಾದಿಂದ ಇಷ್ಟು ಆಗ್ತದೇನು? ಸುಮ್ನ ಬರದು ಕೊಡು. ಡಾಕ್ಟರ್ ಆಗಿಬಿಡ್ತಿ."

"ಸರ್, ಇದನ್ನ ಪೇಪರಿನಾಗ ಓದಿ ರೈತ್ರು ಯೂರಿಯಾ ಪೂರಾ ಬಿಟ್ರ, ಅವರ ಬೆಳಿ 'ಹುಣ್ಣಿವಿ ದಿನ ಶರಣಮ್ಮ ಬರ್ತಾಳ' ಅಂತ ಕಾಯ್ಕೊಂತ ನಿಂದರಬೇಕ್ರಿ" ಎಂದಳು ಸುಜಾತಾ.

ಸಾಹೇಬರು ಅಂಕಿಗಳ ಹಾಳೆಯನ್ನು ಮಡಚಿ ಪಕ್ಕಕ್ಕಿಟ್ಟರು. ಕೆಟ್ಟವರಲ್ಲ ಅವರು, ಆಸೆಪಟ್ಟಿದ್ದರು, ಅಷ್ಟೆ. ಕೊನೆಗೆ ಗಡುವು ಮುಂದೂಡುವ ಅರ್ಜಿಗೆ ಸಹಿ ಹಾಕಿದರು. ಪತ್ರಿಕೆಯವರಿಗೆ ಫೋನ್ ಮಾಡುವ ಕೆಲಸವನ್ನು ನನಗೆ ಬಿಟ್ಟರು.

ಮರುವರ್ಷ ಸುಜಾತಾ ಸಂಜೆ ಹೊತ್ತು ಹೊಸಪೇಟೆಯ ಒಂದು ಕೋಚಿಂಗ್ ಸೆಂಟರಿನಲ್ಲಿ ಪಾಠ ಹೇಳುತ್ತಿದ್ದಳು, ಬೆಳಿಗ್ಗೆ ಕಂಪ್ಲಿ ಬಸ್ಸು ಹಿಡಿಯುತ್ತಿದ್ದಳು. ಎಲ್ಲ ಮತ್ತೆ ಮೊದಲಿನಿಂದ. ಏನೂ ಹಾಕದ ಮಡಿಗಳು ಮತ್ತೆ ಹಳದಿಗೆ ತಿರುಗಿದವು. ರಸ್ತೆಯಲ್ಲಿ ಹೋಗುವವರು ಬೈಕು ನಿಲ್ಲಿಸಿ ವೀರಭದ್ರಪ್ಪನವರಿಗೆ, "ಏನ್ ಗೌಡ್ರ, ಗೊಬ್ಬರ ತೀರೈತೇನು?" ಎಂದು ಕಾಲೆಳೆಯುತ್ತಿದ್ದರು. ಅವರು ಮೀಸೆ ತಿರುವಿ, "ಅದು ಸೈನ್ಸ್ ಐತಿ, ನಿಮಗ ತಿಳಿಯಂಗಿಲ್ಲ ಹೋಗ್ರಲೇ" ಎನ್ನುತ್ತಿದ್ದರು. ತಾಯಿಯ ವಿಚಾರ ಕೇಳಿದಾಗಲೆಲ್ಲ ಸುಜಾತಾ ತಲೆ ಅಲ್ಲಾಡಿಸುತ್ತಿದ್ದಳು. "ಅಲ್ಲಿ ಉಂಡದ್ದು ಸಾಕಾಗೈತಿ ಅಂತಾಳ್ರಿ."

ಆ ಬೆಳೆಯ ಅಂಕಿಗಳು ನೆಟ್ಟಗೆ ಬಂದವು. ಯೂರಿಯಾ ಸ್ವಲ್ಪ ಕಡಿಮೆ ಮಾಡಬಹುದು, ಪೂರ್ತಿ ಬಿಡಲು ಆಗುವುದಿಲ್ಲ. ಪತ್ರಿಕೆಯವರು ತಿರುಗಿಯೂ ನೋಡದಂಥ ಫಲಿತಾಂಶ. ಸುಜಾತಾಳ ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಕನ್ನಡಕ ಸರಿಮಾಡಿಕೊಂಡು ಕೇಳಿದರು. "ಗೊಬ್ಬರ ಹಾಕದ ಮಡಿಗೆ ಯಾರೂ ಏನೂ ಹಾಕಿಲ್ಲ ಅಂತ ಹೇಗೆ ಹೇಳ್ತೀರಿ?"

"ಹೊಲದ ಯಜಮಾನ್ತಿ ಕಾವಲಿದ್ರು ಸರ್" ಎಂದಳು. ಪರೀಕ್ಷಕರು ತಲೆದೂಗಿ ಮುಂದಿನ ಪ್ರಶ್ನೆಗೆ ಹೋದರು. ಹಿಂದಿನ ಸಾಲಿನಲ್ಲಿ ಕೂತಿದ್ದ ನನಗೆ ಆ ಕಾವಲು ಎಂಥದೆಂದು ಗೊತ್ತಿತ್ತು. ನಾನು ಕಣ್ಣಾರೆ ಕಂಡಿದ್ದೆ.

ಆ ಎರಡನೇ ಬೆಳೆಯ ಸೀಗಿ ಹುಣ್ಣಿಮೆಯ ದಿನ ನಾನು ಬೆಳಿಗ್ಗೆಯೇ ಹೊಲಕ್ಕೆ ಹೋಗಿದ್ದೆ. ಪ್ರಯೋಗದ ಮಡಿಗಳ ಸುತ್ತ ಸುಜಾತಾ ಹಿಂದಿನ ದಿನವೇ ಹಗ್ಗ ಕಟ್ಟಿಸಿದ್ದಳು. ಚರಗ ಹಾಕಿದರೆ ಎಲ್ಲ ಮಡಿಗೂ ಸಮನಾಗಿ ಹಾಕಬೇಕು, ಇಲ್ಲವಾದರೆ ಯಾವುದಕ್ಕೂ ಬೇಡ ಎಂದು ನಾನು ಹೇಳಿದ್ದೆ. ಯಾವುದಕ್ಕೂ ಬೇಡ, ಹಗ್ಗದ ಹೊರಗೆ ಎಷ್ಟಾದರೂ ಹಾಕಲಿ ಎಂದು ಅವಳು ತೀರ್ಮಾನಿಸಿದ್ದಳು. ವೀರಭದ್ರಪ್ಪನವರು ಬದುವಿನ ಪಕ್ಕ ಉದ್ದಕ್ಕೆ ಜಮಖಾನ ಹಾಸಿದರು. ಶರಣಮ್ಮ ಬುಟ್ಟಿ ಇಳಿಸಿದವರು ಕೆಲಸಕ್ಕೆ ಕೈ ಹಾಕದೆ ಸೆರಗಿನ ತುದಿ ಸುತ್ತುತ್ತ ರಸ್ತೆಯನ್ನೇ ನೋಡುತ್ತಿದ್ದರು. ಒಂದು ಬಸ್ಸು ನಿಲ್ಲದೆ ಹೋಯಿತು. ಇನ್ನೊಂದು ನಿಂತಿತು. ಸುಜಾತಾ ಇಳಿದಳು. ಅವಳ ಹಿಂದೆ, ಎತ್ತರದ, ಸ್ವಲ್ಪ ಬಾಗಿದ ಹೆಂಗಸು ಹೊಸ ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು ಇಳಿದಳು.

ಹುಲಿಗೆವ್ವ ಎಲ್ಲರಿಗೂ ಕೈ ಮುಗಿದಳು, ಬದುವಿನ ಮೇಲೆ ನಿಂತು ಹೊಲ ನೋಡಿದಳು. ಆಮೇಲೆ ಯಾರೂ ಹೇಳದೆಯೇ ಕಾಲುವೆಯ ಕಡೆ ನಡೆದು ಜಾಲಿ ಗಿಡದ ಬುಡದಲ್ಲಿ ಕೂತುಬಿಟ್ಟಳು. ಸುಜಾತಾ ಕಣ್ಣು ಮುಚ್ಚಿಕೊಂಡಳು.

ಶರಣಮ್ಮ ಅಲ್ಲಿಗೇ ಹೋದರು. "ಏಳವ್ವ ಹುಲಿಗೆವ್ವ. ಚರಗ ಚೆಲ್ಲಾಕ ಕೈ ಸಾಲವಲ್ದು, ಬಾ" ಎಂದು ಕಲಸಿದ ಅನ್ನದ ಬುಟ್ಟಿಯನ್ನು ಅವಳ ಮುಂದೆ ಹಿಡಿದರು. ಹುಲಿಗೆವ್ವ ಬುಟ್ಟಿಯನ್ನೂ ನೋಡಿದಳು, ಹಿಡಿದ ಮುಖವನ್ನೂ ನೋಡಿದಳು. ಆಮೇಲೆ ಎದ್ದಳು.

ಇಬ್ಬರೂ ಬದುವಿನ ಮೇಲೆ ಕೂಗುತ್ತ ಚರಗ ಚೆಲ್ಲುತ್ತ ಹೋದರು. ಹುಲಿಗೆವ್ವನ ದನಿ ಇನ್ನೂ ಗಟ್ಟಿಯಾಗಿತ್ತು. ಹಗ್ಗ ಕಟ್ಟಿದಲ್ಲಿಗೆ ಬಂದಾಗ ಅವಳು ನಿಂತಳು. ಸುತ್ತ ಹಸಿರು, ನಡುವೆ ಒಂದು ಮಡಿ ಅರಿಸಿನದ ಬಣ್ಣಕ್ಕೆ ಬಾಡಿ ನಿಂತಿತ್ತು.

"ಅಯ್ಯ, ಇದಕ್ಯಾಕ ಹಿಂಗ ಮಾಡೀರಿ? ಪಾಪ, ಉಪಾಸ ಬಿದ್ದೈತಿ" ಎನ್ನುತ್ತ ಹುಲಿಗೆವ್ವ ಬುಟ್ಟಿಗೆ ಕೈ ಹಾಕಿ ಒಂದು ಹಿಡಿ ತುಂಬಿಕೊಂಡಳು. ಕೈ ಎತ್ತಿದಳು.

ಶರಣಮ್ಮ ಆ ಕೈಯನ್ನು ಗಬಕ್ಕನೆ ಹಿಡಿದರು.

"ಬ್ಯಾಡ! ಹಾಕಬ್ಯಾಡ! ಅದರಾಗ ನಿನ್ನ ಮಗಳ ಡಿಗ್ರಿ ಐತಿ!"

"ಒಂದ ತುತ್ತರೆ?"

"ಒಂದ ಅಗಳೂ ಇಲ್ಲ."

ಹುಲಿಗೆವ್ವ ಮಗಳ ಕಡೆ ನೋಡಿದಳು. ಸುಜಾತಾ ಹೌದೆಂದು ತಲೆಯಾಡಿಸಿದಳು. ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ಹೇಳಲಾಗದು. ಶರಣಮ್ಮ ಹಿಡಿದ ಕೈ ಬಿಡಲಿಲ್ಲ. ಹಾಗೇ ನಡೆಸಿಕೊಂಡು ಬಂದು ಹುಲಿಗೆವ್ವನನ್ನು ಜಮಖಾನದ ನಡುವೆ, ತಮ್ಮ ಪಕ್ಕದಲ್ಲಿ ಕೂರಿಸಿದರು. ಮೊದಲ ಹೋಳಿಗೆಯನ್ನು ಅವಳ ತಟ್ಟೆಗೆ ಹಾಕಿದರು. ನಾವೆಲ್ಲ ಆ ಸಾಲಿನಲ್ಲೇ ಕೂತು ಉಂಡೆವು.

ಆ ದಿನ ಆ ಹೊಲದಲ್ಲಿ ಉಪವಾಸ ಉಳಿದದ್ದು ಆ ಮಡಿಗಳು ಮಾತ್ರ.